ದಾರಿಗೆ ಗೋಡೆ ಕಟ್ಟಿದವರು



ರಸ್ತೆಯ ಮೇಲೆ ನಡೆಯುವ ಸೈಕಲ್ ರೇಸಿಗೆ ಒಂದು ದೊಡ್ಡ ಕೊರತೆಯಿದೆ. ಊರ ಮುಂದೆ ಬಿಸಿಲಿನಲ್ಲಿ ಒಂದು ತಾಸು ಕಾದು ನಿಂತವನಿಗೆ ಸಿಗುವುದು ಅರ್ಧ ನಿಮಿಷದ ನೋಟ. ಸೈಕಲ್ಲುಗಳು ಭರ್ರೆಂದು ಹಾದುಹೋಗುತ್ತವೆ, ಹಿಂದೆ ಒಂದು ಜೀಪು, ಅದರ ಹಿಂದೆ ಧೂಳು. ಯಾರು ಗೆದ್ದರು ಎನ್ನುವುದು ಮರುದಿನದ ಪತ್ರಿಕೆಯಲ್ಲಿ. ಇಷ್ಟಕ್ಕೆ ದುಡ್ಡು ಕೊಡಿ ಎಂದರೆ ಯಾರು ಕೊಡುತ್ತಾರೆ? ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಮನರಂಜನೆಯ ವ್ಯಾಪಾರಿಗಳು ಇದಕ್ಕೊಂದು ಉಪಾಯ ಹುಡುಕಿದರು. ದಾರಿಯನ್ನು ದುಂಡಗೆ ಬಗ್ಗಿಸಿ ಎರಡು ತುದಿ ಕೂಡಿಸಿದರು, ಸುತ್ತ ಗೋಡೆ ಎಬ್ಬಿಸಿದರು, ಗೋಡೆಯಲ್ಲೊಂದು ಕಿಂಡಿ ಬಿಟ್ಟು ಟಿಕೆಟ್ ಮಾರಲು ಕೂತರು. ವೆಲೋಡ್ರೋಮುಗಳ ಕಾಲ ಹೀಗೆ ಶುರುವಾಯಿತು. ಕ್ರೀಡೆಯ ಇತಿಹಾಸ ಬರೆಯುವವರು ವೇಗ, ದಾಖಲೆ, ತಂತ್ರಜ್ಞಾನದಿಂದ ಆರಂಭಿಸುತ್ತಾರೆ. ನನಗೇನೋ ಆ ಟಿಕೆಟ್ ಕಿಂಡಿಯಿಂದ ಹೊರಡುವುದೇ ಸರಿ ಎನಿಸುತ್ತದೆ. ಈ ಕಟ್ಟಡಗಳು ಯಾಕೆ ಎದ್ದವು, ಯಾಕೆ ಬಿದ್ದವು, ಕೆಲವು ಯಾಕೆ ಇನ್ನೂ ನಿಂತಿವೆ ಎನ್ನುವುದಕ್ಕೆ ಬಹುಪಾಲು ಉತ್ತರ ಅಲ್ಲೇ ಇದೆ.

ನೋಡದವರಿಗೆ ಜಾಗದ ಪರಿಚಯ ಮೊದಲು ಮಾಡಿಕೊಡುತ್ತೇನೆ. ಇಂದು ಒಲಿಂಪಿಕ್ಸ್ ನಡೆಯುವ ಟ್ರ್ಯಾಕು ಒಂದು ಸುತ್ತಿಗೆ ಸರಿಯಾಗಿ 250 ಮೀಟರು. ಎರಡು ನೇರ ದಾರಿ, ಎರಡು ತಿರುವು. ನೇರ ದಾರಿಯೂ ಚಪ್ಪಟೆಯಲ್ಲ, ಹನ್ನೆರಡು ಡಿಗ್ರಿಯಷ್ಟು ವಾಲಿರುತ್ತದೆ. ತಿರುವಿನಲ್ಲಂತೂ 42ರಿಂದ 45 ಡಿಗ್ರಿ. ಕೆಳಗೆ ನಿಂತು ತಲೆಯೆತ್ತಿದರೆ ಅದು ದಾರಿಯಾಗಿ ಕಾಣುವುದಿಲ್ಲ, ಗೋಡೆಯಾಗಿ ಕಾಣುತ್ತದೆ. ಜಾತ್ರೆಯ ಮರಣಬಾವಿಯಲ್ಲಿ ಮೋಟಾರ್‌ಸೈಕಲ್ ಓಡಿಸುವವನನ್ನು ನೋಡಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ವೇಗವೇ ಸವಾರನನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲಿ ಬರುವವನಿಗೆ ಆ ತಿರುವು ಸಮನೆಲದಷ್ಟೇ ಸಲೀಸು. ಗಾಬರಿಯಾಗಿ ನಿಧಾನಿಸಿದವನ ಟಯರು ಮಾತ್ರ ಜಾರುತ್ತದೆ. ಹೊಸಬರಿಗೆ ತರಬೇತುದಾರರು ಹೇಳುವ ಮೊದಲ ಮಾತೂ ಅದೇ, ತಿರುವಿನಲ್ಲಿ ಪೆಡಲು ನಿಲ್ಲಿಸಬೇಡ.

ನಿಲ್ಲಿಸುವುದಾದರೂ ಹೇಗೆ? ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಗೇರು ಬದಲಿಸುವಂತಿಲ್ಲ, ಫ್ರೀವೀಲೂ ಇಲ್ಲ. ಹಿಂದಿನ ಚಕ್ರ ತಿರುಗುತ್ತಿರುವಷ್ಟು ಹೊತ್ತು ಪೆಡಲು ತಿರುಗುತ್ತಲೇ ಇರುತ್ತದೆ, ಪೆಡಲಿನ ಜೊತೆ ಕಾಲೂ. ವೇಗ ತಗ್ಗಿಸಬೇಕೆಂದರೆ ಕಾಲಿನಿಂದಲೇ ತಡೆ ಕೊಡಬೇಕು, ಇಲ್ಲವೆ ಗೋಡೆ ಹತ್ತಬೇಕು. ಇಪ್ಪತ್ತು ಜನ ಮೊಣಕೈಗೆ ಮೊಣಕೈ ತಾಗುವಂತೆ ಓಡುವ ಕಡೆ ಯಾರ ಸೈಕಲ್ಲಿಗೂ ಬ್ರೇಕಿಲ್ಲ ಎಂದರೆ ಕೇಳುವವರಿಗೆ ಹುಚ್ಚು ಅನ್ನಿಸಬಹುದು. ಬ್ರೇಕು ಇದ್ದಿದ್ದರೇ ಅಪಾಯ ಹೆಚ್ಚುತ್ತಿತ್ತು. ಒಬ್ಬ ಹಠಾತ್ತನೆ ಹಿಡಿದರೆ ಹಿಂದಿನವರೆಲ್ಲ ಅವನ ಮೇಲೆ.

ಟ್ರ್ಯಾಕಿನ ಮೇಲೆ ಮೂರು ಗೆರೆಗಳಿರುತ್ತವೆ. ಒಳ ಅಂಚಿನ ಹತ್ತಿರದ ಕಪ್ಪು ಗೆರೆಯ ಮೇಲೆ ಅಳೆದರೆ 250 ಮೀಟರು. ಅದರ ಮೇಲೆ ಕೆಂಪು ಗೆರೆ. ಕೊನೆಯ ಓಟದಲ್ಲಿ ಈ ಎರಡರ ನಡುವೆ ಮುಂದೆ ಹೋಗುತ್ತಿರುವವನ ಜಾಗವನ್ನು ಹಿಂದಿನವನು ಒಳಗಿನಿಂದ ನುಗ್ಗಿ ಕಸಿಯುವಂತಿಲ್ಲ, ಹೊರಗಿನಿಂದ ಸುತ್ತಿಕೊಂಡೇ ಹೋಗಬೇಕು. ಇನ್ನೂ ಮೇಲೆ ನೀಲಿ ಗೆರೆ. ಗೆರೆಗಳು ಇಷ್ಟೇ, ಆದರೆ ಆಟವೆಲ್ಲ ಇವುಗಳ ನಡುವೆ. ಸ್ಪ್ರಿಂಟ್ ಎಂಬ ಸ್ಪರ್ಧೆಯಲ್ಲಿ ಇಬ್ಬರೇ ಇರುತ್ತಾರೆ. ಮುಂದಿರುವವನು ಗಾಳಿ ಸೀಳಬೇಕು, ಹಿಂದಿರುವವನು ಅವನ ಮರೆಯಲ್ಲಿ ಸುಖವಾಗಿ ಬರುತ್ತಾನೆ. ಹಾಗಾಗಿ ಮುಂದೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ. ‘ನೀನು ಹೋಗು, ನೀನು ಹೋಗು’ ಎಂದು ಇಬ್ಬರೂ ಸೈಕಲ್ ಮೇಲೆ ಕಾಲೂರದೆ ನಿಂತುಬಿಡುತ್ತಾರೆ. 1968ರಲ್ಲಿ ಇಟಲಿಯ ರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಬಿಯಾಂಕೆಟ್ಟೊ ಮತ್ತು ಪೆಟ್ಟೆನೆಲ್ಲಾ ಎಂಬಿಬ್ಬರು ಹೀಗೆ ಒಂದು ಗಂಟೆಗೂ ಮೀರಿ ನಿಂತಿದ್ದರು. ಜಗತ್ತಿನ ಅತಿ ವೇಗದ ಸೈಕಲ್ ಸ್ಪರ್ಧೆಯಲ್ಲಿ ಜನ ದುಡ್ಡು ಕೊಟ್ಟು ನೋಡಿದ್ದು ಇಬ್ಬರು ನಿಂತಿರುವುದನ್ನು. ಈಗ ನಿಯಮ ಬಿಗಿಯಾಗಿದೆ, ಮೂವತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ.

ಇನ್ನು ಹಲಗೆಯ ವಿಷಯ. ಬಯಲಿನ ಟ್ರ್ಯಾಕುಗಳು ಸಾಮಾನ್ಯವಾಗಿ ಕಾಂಕ್ರೀಟಿನವು, ಸೂರಿನಡಿಯವು ಮರದವು. ಮರವೆಂದರೆ ಹೆಚ್ಚಾಗಿ ಸೈಬೀರಿಯಾದ ಪೈನ್. ಚಳಿಯಲ್ಲಿ ಮೆಲ್ಲಗೆ ಬೆಳೆದದ್ದರಿಂದ ನಾರು ಒತ್ತೊತ್ತಾಗಿ, ನೇರವಾಗಿ ಇರುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕಟ್ಟಿದ ವೆಲೋಡ್ರೋಮಿನಲ್ಲಿ ಇಂಥ ಪಟ್ಟಿಗಳನ್ನು ಒಂದರ ಮುಂದೊಂದು ಇಟ್ಟರೆ 56 ಕಿಲೋಮೀಟರು ಆಗುತ್ತವೆ. 26 ಬಡಗಿಗಳು ಎಂಟು ವಾರ ಕೂತು, ಮೂರೂವರೆ ಲಕ್ಷದಷ್ಟು ಮೊಳೆ ಹೊಡೆದು ಅದನ್ನು ಹಾಸಿದರು. ಸ್ಪರ್ಧೆಯ ಹೊತ್ತಿಗೆ ಒಳಗಿನ ಗಾಳಿಯನ್ನು 28 ಡಿಗ್ರಿಯವರೆಗೆ ಬೆಚ್ಚಗಿಟ್ಟರು. ಬೆಚ್ಚಗಿನ ಗಾಳಿ ತೆಳು, ಸೀಳುವುದು ಸುಲಭ. ಕೂತವರು ಬೆವರಿದರೆ ಬೆವರಲಿ.

ಆ ನುಣುಪು ಹಲಗೆಗೂ ಹಲ್ಲುಂಟು. 2011ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಕೈರಿನ್ ಎಂಬ ಸ್ಪರ್ಧೆಯ ಫೈನಲ್ಲಿನ ಕೊನೆಯಲ್ಲಿ ಸವಾರರು ಒಬ್ಬರ ಮೇಲೊಬ್ಬರು ಬಿದ್ದರು. ಮಲೇಷ್ಯಾದ ಅಜೀಜುಲ್‌ಹಸ್ನಿ ಅವಾಂಗ್ ಎದ್ದು, ಮತ್ತೆ ಸೈಕಲ್ ಏರಿ, ಗೆರೆ ದಾಟಿ ಮೂರನೆಯವನಾದ. ಆಮೇಲೆ ಕಾಲು ನೋಡಿಕೊಂಡ. ಸುಮಾರು ಇಪ್ಪತ್ತು ಸೆಂಟಿಮೀಟರಿನ ಮರದ ಸಿಬಿರು ಮೀನಖಂಡದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದಿತ್ತು. ಮಾಂಸದೊಳಗೆ ಹಲಗೆ ಹೊತ್ತುಕೊಂಡೇ ಆತ ಗೆರೆ ದಾಟಿದ್ದ. ಶಸ್ತ್ರಚಿಕಿತ್ಸೆ ಆಯಿತು, ಗಾಯ ಮಾಯಿತು. ಅದೇ ಮನುಷ್ಯ 2016ರಲ್ಲಿ ರಿಯೋದಲ್ಲಿ ಕಂಚು ಗೆದ್ದ, 2017ರಲ್ಲಿ ವಿಶ್ವ ಚಾಂಪಿಯನ್ ಆದ, ಟೋಕಿಯೋದಲ್ಲಿ ಬೆಳ್ಳಿ ಗೆದ್ದ.

ಈ ಟ್ರ್ಯಾಕುಗಳನ್ನು ಕಟ್ಟುವವರೂ ಒಂದು ವಿಶೇಷ ಕುಲ. ಜರ್ಮನಿಯ ಮ್ಯೂನ್‌ಸ್ಟರ್ ಊರಿನ ಶ್ಯೂರ್‌ಮನ್ ಮನೆತನ ಮೂರು ತಲೆಮಾರಿನಿಂದ ಇದೇ ಕೆಲಸ ಮಾಡುತ್ತಿದೆ, ನೂರಕ್ಕೂ ಹೆಚ್ಚು ಟ್ರ್ಯಾಕು ಕಟ್ಟಿದೆ. ಅಜ್ಜ ಕ್ಲೆಮೆನ್ಸ್ ತಾನೇ ರೇಸುಗಾರ. ತಿರುವಿನಲ್ಲಿ ಸೈಕಲ್ಲು ಎಲ್ಲಿ ಎಡವುತ್ತದೆ ಎನ್ನುವುದು ಅವನಿಗೆ ಲೆಕ್ಕಕ್ಕಿಂತ ಮೊದಲು ಮೈಯಿಂದ ಗೊತ್ತಿತ್ತು.

ಈಗ ಟಿಕೆಟ್ ಕಿಂಡಿಗೆ ವಾಪಸ್ಸು ಹೋಗೋಣ. ಗೋಡೆ ಕಟ್ಟಿದ ಮೇಲೆ ಒಳಗೆ ಕೂತವರನ್ನು ಏಳದಂತೆ ಹಿಡಿದಿಡಬೇಕಲ್ಲ. ಅದಕ್ಕೆ ಹುಟ್ಟಿದ್ದು ಆರು ದಿನದ ರೇಸು. ಭಾನುವಾರ ದೇವರ ದಿನ, ಉಳಿದ ಆರೂ ದಿನ ಹಗಲಿರುಳು ಸುತ್ತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 1891ರಿಂದ ಇದು ನಡೆಯಿತು. ಒಬ್ಬನೇ ಸವಾರ, ನಿದ್ದೆ ತಡೆದಷ್ಟು ಹೊತ್ತು ತುಳಿಯುವುದು. ನಾಲ್ಕನೆಯ ದಿನಕ್ಕೆ ಕೆಲವರಿಗೆ ಭ್ರಮೆ ಹಿಡಿಯುತ್ತಿತ್ತು. ಜನ ಬರುತ್ತಿದ್ದದ್ದೂ ಅದನ್ನು ನೋಡಲೇ ಎಂದು ಹೇಳಲು ನನಗೆ ಸಂಕೋಚವಿಲ್ಲ. ಕೊನೆಗೆ 1898ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು, ಒಬ್ಬ ಮನುಷ್ಯ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಓಡುವಂತಿಲ್ಲ. ವ್ಯಾಪಾರಿಗಳು ಸೋಲುವವರೇ? ಇಬ್ಬಿಬ್ಬರ ಜೋಡಿ ಮಾಡಿದರು. ಒಬ್ಬ ಹನ್ನೆರಡು, ಇನ್ನೊಬ್ಬ ಹನ್ನೆರಡು. ಕಾನೂನೂ ಉಳಿಯಿತು, ಟಿಕೆಟ್ಟೂ ಉಳಿಯಿತು.

ಕಾನೂನಿನಿಂದ ನುಣುಚಿಕೊಳ್ಳಲು ಹುಡುಕಿದ ಈ ಒಳದಾರಿಯಿಂದ ಹುಟ್ಟಿದ ಸ್ಪರ್ಧೆಯೇ ಇಂದಿನ ಮ್ಯಾಡಿಸನ್. ಟ್ರ್ಯಾಕಿನಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ. ಒಬ್ಬ ಕೆಳಗೆ ಜೀವ ಬಿಟ್ಟು ಓಡುತ್ತಿದ್ದರೆ ಅವನ ಜೊತೆಗಾರ ಮೇಲೆ ನಿಧಾನವಾಗಿ ಸುತ್ತುತ್ತಾ ದಣಿವಾರಿಸಿಕೊಳ್ಳುತ್ತಾನೆ. ಸರದಿ ಬಂದಾಗ ಗೋಡೆಯಿಂದ ಇಳಿದು ಬರುತ್ತಾನೆ. ಓಡಿ ಬಂದವನು ಅವನ ಅಂಗೈ ಹಿಡಿದು, ತನ್ನ ವೇಗವನ್ನೆಲ್ಲ ತೋಳಿಗೆ ತಂದು, ಅವನನ್ನು ಮುಂದಕ್ಕೆ ಎಸೆಯುತ್ತಾನೆ. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ, ಒಂದು ಕೈ ಹ್ಯಾಂಡಲ್ ಬಿಟ್ಟು, ಸುತ್ತ ಇನ್ನೂ ಮೂವತ್ತು ಸೈಕಲ್ಲುಗಳ ನಡುವೆ. ಬೆಲ್ಜಿಯಮ್ಮಿನ ಗೆಂಟ್ ಊರಿನ ಕ್ಯೂಪ್ಕೆ ಎಂಬ ಪುಟ್ಟ ಟ್ರ್ಯಾಕಿನಲ್ಲಿ ಸುತ್ತಿಗೆ 166 ಮೀಟರು ಚಿಲ್ಲರೆ ಮಾತ್ರ. ಅಲ್ಲಿ ಈಗಲೂ ಪ್ರತಿ ನವೆಂಬರಿನಲ್ಲಿ ಆರು ದಿನದ ರೇಸು ನಡೆಯುತ್ತದೆ. ಟ್ರ್ಯಾಕಿನ ಒಳಬಯಲಿನಲ್ಲಿ ಜನ ಬಿಯರು ಹಿಡಿದು ನಿಂತಿರುತ್ತಾರೆ, ಸುತ್ತ ಸೈಕಲ್ಲು ಓಡುತ್ತಿರುತ್ತವೆ.

ಮ್ಯಾಡಿಸನ್ ಸ್ಕ್ವೇರಿನ ಆ ಹಳೆಯ ಕ್ರೂರ ರೇಸಿನಲ್ಲಿ, 1896ರ ಡಿಸೆಂಬರಿನಲ್ಲಿ, ಹದಿನೆಂಟು ವರ್ಷದ ಕರಿಯ ಹುಡುಗನೊಬ್ಬ ಎಂಟನೆಯವನಾಗಿ ಬಂದ. ಹೆಸರು ಮಾರ್ಷಲ್ ಟೇಲರ್, ಜನ ಕರೆದದ್ದು ಮೇಜರ್ ಟೇಲರ್ ಎಂದು. ಅದಕ್ಕೆ ಎರಡು ವರ್ಷ ಮೊದಲೇ ಅಮೆರಿಕದ ಸೈಕಲ್ ಸವಾರರ ಒಕ್ಕೂಟ ಕರಿಯರಿಗೆ ಸದಸ್ಯತ್ವವಿಲ್ಲವೆಂದು ನಿರ್ಣಯ ಮಾಡಿತ್ತು. ಆದರೂ ಟೇಲರನ ಹೆಸರಿದ್ದರೆ ಟಿಕೆಟ್ಟು ಖರ್ಚಾಗುತ್ತಿತ್ತು. ಹಾಗಾಗಿ ಓಡಲು ಬಿಟ್ಟರು. ಬಿಟ್ಟದ್ದೂ ಎಂಥ ಬಿಡುವಿಕೆ! ಪ್ರತಿಸ್ಪರ್ಧಿಗಳು ಒಟ್ಟುಗೂಡಿ ಅವನನ್ನು ನಡುವೆ ಸಿಕ್ಕಿಸುತ್ತಿದ್ದರು, ಕೆಡವುತ್ತಿದ್ದರು. ಅವನು ಕಂಡುಕೊಂಡ ಪರಿಹಾರವೆಂದರೆ ಯಾರ ಕೈಗೂ ಸಿಗದಷ್ಟು ಮುಂದೆ ಓಡುವುದು. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಯೂರೋಪಿನವರು ಕರೆದರು, ಭಾನುವಾರ ಓಡುವುದಿಲ್ಲ ಎಂದ. ಕಟ್ಟಾ ಬ್ಯಾಪ್ಟಿಸ್ಟ್. ಪ್ಯಾರಿಸ್ಸಿನ ಪ್ರೇಕ್ಷಕರು ಬರುವುದೇ ಭಾನುವಾರ. ಕೊನೆಗೆ 1901ರಲ್ಲಿ ವ್ಯಾಪಾರಿಗಳೇ ಸೋತು ಅವನಿಗಾಗಿ ವಾರದ ದಿನ ರೇಸು ಇಟ್ಟರು. ಜನ ಕಿಕ್ಕಿರಿದು ಬಂದರು. ಅಷ್ಟೆಲ್ಲ ಗಳಿಸಿದವನು 1932ರಲ್ಲಿ ಷಿಕಾಗೋದ ಧರ್ಮಾಸ್ಪತ್ರೆಯಲ್ಲಿ ತೀರಿಕೊಂಡ, ಬಡವರ ಗುಂಡಿಯಲ್ಲಿ ಹೂತರು. ಇಂಡಿಯಾನಾಪೊಲಿಸ್‌ನಲ್ಲಿ 1982ರಲ್ಲಿ ಕಟ್ಟಿದ ವೆಲೋಡ್ರೋಮಿಗೆ ಅವನ ಹೆಸರಿಟ್ಟಿದ್ದಾರೆ.

ಪ್ಯಾರಿಸ್ಸಿನಲ್ಲಿ ಆ ಹೊತ್ತಿಗೆ ಬಫೆಲೋ ಎಂಬ ವೆಲೋಡ್ರೋಮ್ ಇತ್ತು. ಅಮೆರಿಕದ ಬಫೆಲೋ ಬಿಲ್ ಸರ್ಕಸ್ ಡೇರೆ ಹಾಕಿದ್ದ ಜಾಗದಲ್ಲಿ ಕಟ್ಟಿದ್ದರಿಂದ ಆ ಹೆಸರು. ಅದರ ನಿರ್ದೇಶಕ ತ್ರಿಸ್ತಾನ್ ಬರ್ನಾರ್, ನಗೆನಾಟಕಗಳ ಲೇಖಕ. ಅವನ ಸ್ನೇಹಿತ, ಚಿತ್ರಕಾರ ತೂಲೂಸ್ ಲೋತ್ರೆಕ್ ಅಲ್ಲಿಗೆ ಬಂದು ಸವಾರರ ಚಿತ್ರ ಬರೆಯುತ್ತಿದ್ದ. ಈ ಬರ್ನಾರನ ಹೆಸರು ನೆನಪಿರಲಿ. ಅದೇ ಟ್ರ್ಯಾಕಿನಲ್ಲಿ 1893ರ ಮೇ ತಿಂಗಳಲ್ಲಿ ಆಂರಿ ದೆಗ್ರಾಂಜ್ ಒಬ್ಬನೇ ಒಂದು ಗಂಟೆ ತುಳಿದು 35 ಕಿಲೋಮೀಟರು 325 ಮೀಟರು ಹೋದ. ಗಂಟೆಯ ದಾಖಲೆ ಎಂಬುದರ ಅಧಿಕೃತ ಪಟ್ಟಿ ಅಲ್ಲಿಂದ ಶುರು. ಆತ ಮುಂದೆ ಪಾರ್ಕ್ ದೆ ಪ್ರಾನ್ಸ್ ವೆಲೋಡ್ರೋಮಿನ ನಿರ್ದೇಶಕನಾದ, ಪತ್ರಿಕೆಯ ಸಂಪಾದಕನಾದ, 1903ರಲ್ಲಿ ಪತ್ರಿಕೆಯ ಮಾರಾಟ ಏರಿಸಲೆಂದು ಟೂರ್ ದ ಫ್ರಾನ್ಸ್ ಆರಂಭಿಸಿದ. ದೇಶವೆಲ್ಲ ಸುತ್ತುವ ಆ ರೇಸು 1967ರವರೆಗೂ ಮುಗಿಯುತ್ತಿದ್ದದ್ದು ಪಾರ್ಕ್ ದೆ ಪ್ರಾನ್ಸ್ ವೆಲೋಡ್ರೋಮಿನೊಳಗೆ. ಸಾವಿರಾರು ಕಿಲೋಮೀಟರು ಪುಕ್ಕಟೆ, ಕೊನೆಯ ಒಂದೆರಡು ಸುತ್ತಿಗೆ ಮಾತ್ರ ಟಿಕೆಟ್ಟು. ದೆಗ್ರಾಂಜ್ ವ್ಯಾಪಾರ ಬಲ್ಲವನು.

ಚಳಿಗಾಲದಲ್ಲಿ ಬಯಲಿನ ಟ್ರ್ಯಾಕು ಖಾಲಿ ಬೀಳುತ್ತದೆ. ಅದಕ್ಕೆ ಅವನೇ ಮುಂದೆ ನಿಂತು ಐಫೆಲ್ ಗೋಪುರಕ್ಕೆ ಸಮೀಪದಲ್ಲಿ ಸೂರಿನ ಟ್ರ್ಯಾಕು ಕಟ್ಟಿಸಿದ, 1910ರಲ್ಲಿ ತೆರೆಯಿತು. ವೆಲೋಡ್ರೋಮ್ ದಿವೇರ್, ಜನರ ಬಾಯಲ್ಲಿ ವೆಲ್ ದಿವ್. ಗಾಜಿನ ಮಾಡು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಆಸನ. ಆರು ದಿನದ ರೇಸಿನ ರಾತ್ರಿಗಳಲ್ಲಿ ನಡುವಿನ ಬಯಲಿನಲ್ಲಿ ಸಿರಿವಂತರು ಷಾಂಪೇನ್ ಕುಡಿಯುತ್ತಾ ಕೂರುತ್ತಿದ್ದರು, ಮೇಲಿನ ಅಟ್ಟದಲ್ಲಿ ಕಾರ್ಮಿಕರು ಬುತ್ತಿ ಬಿಚ್ಚಿಕೊಂಡು ಬೆಳಗಿನವರೆಗೆ ಕೂಗುತ್ತಿದ್ದರು. ಹೆಮಿಂಗ್‌ವೇ ಪ್ಯಾರಿಸ್ಸಿನಲ್ಲಿದ್ದಾಗ ಅಲ್ಲಿಗೆ ಹೋಗುತ್ತಿದ್ದ.

1942ರ ಜುಲೈ 16 ಮತ್ತು 17. ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪೊಲೀಸರೇ ಮನೆ ಮನೆಗೆ ಹೋಗಿ 13,152 ಯಹೂದಿಗಳನ್ನು ಬಂಧಿಸಿದರು. ಮಕ್ಕಳಿರುವ ಕುಟುಂಬಗಳನ್ನು ಬಸ್ಸುಗಳಲ್ಲಿ ತುಂಬಿ ವೆಲ್ ದಿವ್‌ಗೆ ತಂದರು. ಎಂಟು ಸಾವಿರದಷ್ಟು ಜನ, ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಯಾಕೆ ಅಲ್ಲಿಗೇ? ಟಿಕೆಟ್ಟಿಲ್ಲದೆ ಯಾರೂ ಒಳನುಗ್ಗದಂತೆ ಕಟ್ಟಿದ ಕಟ್ಟಡದಿಂದ ಯಾರೂ ಹೊರಹೋಗದಂತೆಯೂ ಮಾಡಬಹುದು. ಸಾವಿರಾರು ಜನಕ್ಕೆ ಕೂರುವ ಜಾಗವಿದೆ, ಬಾಗಿಲುಗಳು ಕೆಲವೇ. ವ್ಯಾಪಾರಕ್ಕೆ ಅನುಕೂಲವಾದದ್ದೆಲ್ಲ ಪೊಲೀಸರಿಗೂ ಅನುಕೂಲವಾಯಿತು ಎಂದೇ ನನಗೆ ಕಾಣುತ್ತದೆ.

ವಿಮಾನದಾಳಿಯ ಭಯಕ್ಕೆ ಮಾಡಿನ ಗಾಜಿಗೆ ಕಡುನೀಲಿ ಬಣ್ಣ ಬಳಿದಿದ್ದರು. ಜುಲೈ ತಿಂಗಳ ಸೆಕೆ. ತಪ್ಪಿಸಿಕೊಂಡಾರೆಂದು ಕಿಟಕಿ ಮುಚ್ಚಿದ್ದರು, ಕಿಟಕಿಯಿದ್ದ ಪಾಯಿಖಾನೆಗಳಿಗೂ ಬೀಗ. ಕುಡಿಯುವ ನೀರಿಗೆ ಹಾಹಾಕಾರ. ಹೀಗೆ ಐದು ದಿನ. ಕರ್ತವ್ಯದ ಮೇಲೆ ಬಂದಿದ್ದ ಅಗ್ನಿಶಾಮಕ ದಳದವರು, ಅವರ ನಾಯಕ ಪಿಯೆರೆ ಎಂಬಾತನ ಮಾತಿನಂತೆ, ಬೆಂಕಿ ಆರಿಸುವ ಕೊಳವೆಗಳನ್ನು ಬಿಚ್ಚಿ ನೀರು ಕೊಟ್ಟರು. ಜನ ಚೀಟಿ ಚೀಟಿಯಲ್ಲಿ ಗೀಚಿಕೊಟ್ಟ ಕಾಗದಗಳನ್ನು ಜೇಬಿನಲ್ಲಿಟ್ಟು ಹೊರಗೊಯ್ದು ಅಂಚೆಗೆ ಹಾಕಿದರು. ಆ ಐದು ದಿನಗಳಲ್ಲಿ ಮನುಷ್ಯರಂತೆ ನಡೆದುಕೊಂಡ ಸಮವಸ್ತ್ರಧಾರಿಗಳ ಪಟ್ಟಿ ಬಹಳ ಚಿಕ್ಕದು. ಒಳಗಿದ್ದವರನ್ನು ಊರಾಚೆಯ ಶಿಬಿರಗಳಿಗೆ ಸಾಗಿಸಿದರು, ಅಲ್ಲಿ ತಾಯಂದಿರಿಂದ ಮಕ್ಕಳನ್ನು ಬೇರೆ ಮಾಡಿದರು, ಅಲ್ಲಿಂದ ಆಷ್‌ವಿಟ್ಸ್. ಯುದ್ಧ ಮುಗಿದ ಮೇಲೆ ಮರಳಿದವರು ಬೆರಳೆಣಿಕೆಯವರು.

ಹತ್ತಾರು ವರ್ಷ ಪತ್ರಿಕೆಯವರ ಕ್ಯಾಮೆರಾಗಳಿಂದ ಕಿಕ್ಕಿರಿದಿದ್ದ ಜಾಗ ಅದು. ಆ ದಿನಗಳದ್ದು ಎಂದು ಗೊತ್ತಿರುವ ಫೋಟೋ ಒಂದೇ ಒಂದು. ಅದೂ ಒಳಗಿನದಲ್ಲ. ಬಾಗಿಲ ಹೊರಗೆ ಸಾಲಾಗಿ ನಿಂತ ಬಸ್ಸುಗಳು. ಬಹಳ ಕಾಲ ಒಳಗಿನ ಚಿತ್ರವೆಂದು ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದುದು ಬೇರೆಯೇ ಜನರದು ಎಂದು ಆಮೇಲೆ ತಿಳಿಯಿತು. 1944ರಲ್ಲಿ, ಪ್ಯಾರಿಸ್ಸಿನ ಬಿಡುಗಡೆಯ ನಂತರ, ಜರ್ಮನರ ಜೊತೆ ಕೈಜೋಡಿಸಿದ್ದರೆಂಬ ಆರೋಪದ ಮೇಲೆ ಅಲ್ಲಿ ಕೂಡಿಹಾಕಿದ್ದವರ ಚಿತ್ರ ಅದು. ಕಟ್ಟಡಕ್ಕೆ ಯಾರಾದರೇನು.

ನೆನಪಿಡಿ ಎಂದೆನಲ್ಲ, ತ್ರಿಸ್ತಾನ್ ಬರ್ನಾರ್. ಅವನೂ ಯಹೂದಿ. 1943ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಬಂಧಿಸಿ ದ್ರಾನ್ಸಿ ಶಿಬಿರಕ್ಕೆ ಹಾಕಿದರು. ನಾಟಕಕಾರ ಸಾಷಾ ಗಿಟ್ರಿ ಮೊದಲಾದ ಪ್ರಭಾವಿಗಳು ಮಧ್ಯೆ ಬಂದದ್ದರಿಂದ ಉಳಿದುಕೊಂಡ. ಪ್ಯಾರಿಸ್ಸಿಗೆ ವೆಲೋಡ್ರೋಮಿನ ಸಂಜೆಗಳ ರುಚಿ ಹತ್ತಿಸಿದವರಲ್ಲಿ ಒಬ್ಬ ಅವನು.

ಯುದ್ಧದ ನಂತರ ವೆಲ್ ದಿವ್‌ನಲ್ಲಿ ಮತ್ತೆ ಸೈಕಲ್ಲು ಓಡಿದವು, ಮತ್ತೆ ಷಾಂಪೇನ್ ಹರಿಯಿತು. 1958ರಲ್ಲಿ ಕೊನೆಯ ಆರು ದಿನದ ರೇಸು, ಮರುವರ್ಷ ಕೆಡವಿದರು. 1994ರಲ್ಲಿ ಸಮೀಪದ ನದಿದಂಡೆಯಲ್ಲಿ ಒಂದು ಸ್ಮಾರಕ ಎದ್ದಿತು. ಗಂಟುಮೂಟೆಗಳ ನಡುವೆ ಕುಳಿತ ಒಂದಷ್ಟು ಜನರ ಕಂಚಿನ ಶಿಲ್ಪ. ಆಷ್‌ವಿಟ್ಸ್‌ನಿಂದ ಬದುಕಿ ಬಂದ ವಾಲ್ಟರ್ ಸ್ಪಿಟ್ಸರ್ ಮಾಡಿದ್ದು. ಅವರು ಕುಳಿತಿರುವ ನೆಲ ಸಮವಾಗಿಲ್ಲ, ಟ್ರ್ಯಾಕಿನ ತಿರುವಿನ ಹಾಗೆ ಬಾಗಿದೆ. ತಪ್ಪು ಫ್ರಾನ್ಸ್ ದೇಶದ್ದೇ ಎಂದು ಒಬ್ಬ ರಾಷ್ಟ್ರಾಧ್ಯಕ್ಷ, ಜಾಕ್ ಷಿರಾಕ್, ಬಾಯಿಬಿಟ್ಟು ಹೇಳಿದ್ದು ಇನ್ನೂ ಒಂದು ವರ್ಷದ ಮೇಲೆ, 1995ರ ಜುಲೈ 16ರಂದು.

ವೆಲ್ ದಿವ್‌ನಲ್ಲಿ ಜನರನ್ನು ಕೂಡಿಹಾಕಿದ ಅದೇ 1942ರ ನವೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಬಾಂಬುದಾಳಿಯ ಭಯವಿತ್ತು. ಅದರ ನಡುವೆಯೇ ಸವಾರ ಫೌಸ್ಟೊ ಕೊಪ್ಪಿ ಅಲ್ಲಿನ ವಿಗೊರೆಲ್ಲಿ ವೆಲೋಡ್ರೋಮಿನಲ್ಲಿ ಗಂಟೆಯ ದಾಖಲೆ ಮುರಿದ. ಆ ಟ್ರ್ಯಾಕಿನ ಮರ ಎಷ್ಟು ವೇಗದ್ದೆಂದರೆ ಮೂವತ್ತು ವರ್ಷ ಗಂಟೆಯ ದಾಖಲೆಗೆ ಹೊರಟವರು ಅಲ್ಲಿಗೇ ಹೋಗುತ್ತಿದ್ದರು. ಮುಂದೆ 1972ರಲ್ಲಿ ಎಡ್ಡಿ ಮರ್ಕ್ಸ್, ಗಾಳಿ ತೆಳುವಾದ ಮೆಕ್ಸಿಕೋ ನಗರದ ಎತ್ತರಕ್ಕೆ ಹೋಗಿ 49.431 ಕಿಲೋಮೀಟರು ಮಾಡಿದ, ಮತ್ತೆಂದೂ ಆ ಸಾಹಸಕ್ಕೆ ಕೈಹಾಕಲಿಲ್ಲ. ನನಗೆ ಪ್ರಿಯನಾದವನು ಮಾತ್ರ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಕಿತ್ತು ತಾನೇ ಜೋಡಿಸಿಕೊಂಡ ಸೈಕಲ್ಲಿನೊಡನೆ 1993ರ ಜುಲೈನಲ್ಲಿ ನಾರ್ವೆಯ ಹಾಮಾರ್‌ಗೆ ಹೋದ. ಮೊದಲ ದಿನ ಒಂದು ಗಂಟೆ ತುಳಿದು ಸೋತ. ಆ ರಾತ್ರಿ ಹೊಟ್ಟೆ ತುಂಬ ನೀರು ಕುಡಿದು ಮಲಗಿದ. ಅಲಾರಮ್ಮಿನ ಗೊಡವೆ ಬೇಡ, ಮೂತ್ರಕ್ಕೆ ಎಚ್ಚರವಾದಾಗೆಲ್ಲ ಎದ್ದು ಕಾಲು ನೀವಿಕೊಳ್ಳಬಹುದು, ಸ್ನಾಯು ಬಿಗಿಯುವುದಿಲ್ಲ ಎಂಬ ಲೆಕ್ಕ. ಬೆಳಿಗ್ಗೆ ಮತ್ತೆ ಸೈಕಲ್ ಏರಿ 51.596 ಕಿಲೋಮೀಟರು ಮಾಡಿ ದಾಖಲೆ ಮುರಿದ. ಒಂದು ವಾರದೊಳಗೆ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನೂ ಮುರಿದ. ಈಗ ಅದು 56 ಕಿಲೋಮೀಟರು ದಾಟಿದೆ.

ದಾಖಲೆಗಳು ಹೀಗೆ ಏರುತ್ತಿದ್ದ ಕಾಲದಲ್ಲೇ ಟ್ರ್ಯಾಕುಗಳು ಒಂದೊಂದಾಗಿ ಮುಚ್ಚಿಕೊಂಡವು. ಮನೆಗೆ ಟಿವಿ ಬಂದ ಮೇಲೆ ರಸ್ತೆಯ ರೇಸನ್ನು ಹೆಲಿಕಾಪ್ಟರಿನಿಂದ ಪೂರ್ತಿ ನೋಡಬಹುದಾಯಿತು. ಗೋಡೆ ಕಟ್ಟಿ ಮಾರುವ ಸರಕೇ ಉಳಿಯಲಿಲ್ಲ. ಊರ ನಡುವಿನ ಜಾಗಕ್ಕೆ ಬೇರೆ ಬೆಲೆಯೂ ಬಂತು.

ಜಪಾನಿನಲ್ಲಿ ಮಾತ್ರ ಕಥೆ ಬೇರೆ. ಯುದ್ಧದಲ್ಲಿ ಸುಟ್ಟ ಊರುಗಳನ್ನು ಮತ್ತೆ ಕಟ್ಟಲು ನಗರಸಭೆಗಳಿಗೆ ಹಣ ಬೇಕಿತ್ತು. 1948ರಲ್ಲಿ ಕಾನೂನು ಮಾಡಿ, ಕೊಕುರಾ ಊರಿನಲ್ಲಿ ಬಾಜಿ ಕಟ್ಟುವ ಸೈಕಲ್ ರೇಸು ಆರಂಭಿಸಿದರು. ಅದೇ ಕೈರಿನ್. ಈಗ ನಲವತ್ತಕ್ಕೂ ಹೆಚ್ಚು ಟ್ರ್ಯಾಕುಗಳಲ್ಲಿ ವರ್ಷವಿಡೀ ನಡೆಯುತ್ತದೆ. ಸವಾರರು ಎರಡು ಸಾವಿರಕ್ಕೂ ಹೆಚ್ಚು, ಎಲ್ಲರೂ ಇಜು ಬೆಟ್ಟಗಳ ನಡುವಿನ ಶಾಲೆಯೊಂದರಲ್ಲಿ ತಯಾರಾಗಿ ಬಂದವರು. ಒಂದರ ಅಂಗಿ ಬಿಳಿ, ಎರಡರದು ಕಪ್ಪು, ಮೂರು ಕೆಂಪು, ಹೀಗೆ ಒಂಬತ್ತರ ನೇರಳೆಯವರೆಗೆ ಬಣ್ಣವೇ ಸಂಖ್ಯೆ. ರೇಸಿನ ಹಿಂದಿನ ದಿನವೇ ಸವಾರರು ಟ್ರ್ಯಾಕಿನ ವಸತಿಗೆ ಬಂದು ಫೋನು ಒಪ್ಪಿಸಿಬಿಡಬೇಕು. ಹೊರಗಿನವರೊಡನೆ ಮಾತಿಲ್ಲ, ಬಾಜಿಯ ಹಣದ ವಿಷಯ ನೋಡಿ. ಸೈಕಲ್ಲು ಇಂದಿಗೂ ಹೆಚ್ಚಾಗಿ ಉಕ್ಕಿನ ಕೊಳವೆಯದು, ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಭಾಗಗಳು ಮಾತ್ರ. ಗೆದ್ದದ್ದು ಕಾಲು, ಸೈಕಲ್ಲಲ್ಲ ಎಂದು ಬಾಜಿ ಕಟ್ಟಿದವನಿಗೆ ನಂಬಿಕೆಯಿರಬೇಕು. ಅದೇ ಆಟ 2000ದಲ್ಲಿ ಒಲಿಂಪಿಕ್ಸಿಗೆ ಬಂತು, ಬಾಜಿ ಬಿಟ್ಟು. ಜೂಜನ್ನು ನಾನು ಹೊಗಳುತ್ತಿಲ್ಲ. ಮಳೆ ಬೀಳುವ ಮಂಗಳವಾರ ಮಧ್ಯಾಹ್ನವೂ ಜನ ಬರುವ ಟ್ರ್ಯಾಕುಗಳನ್ನು ಲೆಕ್ಕ ಹಾಕಿದರೆ ಜಪಾನ್ ಮೊದಲು ಬರುತ್ತದೆ, ಅಷ್ಟೆ.

ಮ್ಯಾಂಚೆಸ್ಟರಿನದು ಇನ್ನೊಂದು ದಾರಿ. ಒಲಿಂಪಿಕ್ಸ್ ತರಬೇಕೆಂದು ಎರಡು ಸಲ ಪ್ರಯತ್ನಿಸಿ ಸೋತ ಊರು ಅದು. ಆ ಪ್ರಯತ್ನದಿಂದ ಉಳಿದದ್ದು 1994ರಲ್ಲಿ ತೆರೆದ ವೆಲೋಡ್ರೋಮ್. ಬ್ರಿಟಿಷ್ ತಂಡ ಅಲ್ಲೇ ಮನೆ ಮಾಡಿತು, ಲಾಟರಿಯ ಹಣ ಬಂತು, 2008ರಲ್ಲಿ ಬೀಜಿಂಗ್‌ನಲ್ಲಿ ಟ್ರ್ಯಾಕಿನ ಹತ್ತು ಚಿನ್ನಗಳಲ್ಲಿ ಏಳು ಅವರ ಪಾಲಾಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ. ಯಾರು ಬೇಕಾದರೂ ಹೋಗಿ ಸೈಕಲ್ಲು, ಷೂ, ಹೆಲ್ಮೆಟ್ಟು ಬಾಡಿಗೆಗೆ ತೆಗೆದುಕೊಂಡು, ಒಬ್ಬ ತರಬೇತುದಾರನ ಕಣ್ಣೆದುರು ಒಂದು ಗಂಟೆ ಆ ಗೋಡೆ ಹತ್ತಿ ನೋಡಬಹುದು. ಲಂಡನ್ನಿನ ಹರ್ನ್ ಹಿಲ್ ಟ್ರ್ಯಾಕು 1891ರದು. 1948ರ ಒಲಿಂಪಿಕ್ಸ್ ಅಲ್ಲಿ ನಡೆದಾಗ ಭಾರತದ ಸವಾರರೂ ಸ್ಪರ್ಧಿಸಿದ್ದರು. ದೀಪದ ವ್ಯವಸ್ಥೆಯಿಲ್ಲದೆ ಕೊನೆಯ ರೇಸು ಮುಗಿಯುವಾಗ ಕತ್ತಲಾಗಿತ್ತು. ಈ ಶತಮಾನದಲ್ಲಿ ಅದು ಮುಚ್ಚಿಹೋಗುವ ಹಂತಕ್ಕೆ ಬಂದಾಗ ಉಳಿಸಿದವರು ಸುತ್ತಮುತ್ತಲಿನ ಬೀದಿಯವರು, ಅಲ್ಲಿ ಮಕ್ಕಳನ್ನು ಬಿಡುತ್ತಿದ್ದ ತಂದೆ ತಾಯಂದಿರು.

ಹಾಗೆ ಬರುವವರಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಬೇಕಾದಷ್ಟಿವೆ. ಮಾಂಟ್ರಿಯಲ್‌ನ 1976ರ ವೆಲೋಡ್ರೋಮ್ 1992ರಲ್ಲಿ ಪ್ರಾಣಿಸಂಗ್ರಹಾಲಯವಾಯಿತು, ಈಗ ಅಲ್ಲಿ ಪೆಂಗ್ವಿನ್‌ಗಳಿವೆ. ಮ್ಯೂನಿಕ್ಕಿನ 1972ರದ್ದನ್ನು ಕೆಡವಿದರು. ರಿಯೋದ್ದಕ್ಕೆ ಒಲಿಂಪಿಕ್ಸ್ ಮುಗಿದು ವರ್ಷ ತುಂಬುವುದರೊಳಗೆ ಹಾರಿಬಿಟ್ಟ ಆಕಾಶದೀಪ ಬಿದ್ದು ಮಾಡು ಸುಟ್ಟಿತು.

ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕೂಟಕ್ಕೆ ಇಂದಿರಾ ಗಾಂಧಿ ಕ್ರೀಡಾಸಂಕೀರ್ಣದಲ್ಲಿ ಮರದ 250 ಮೀಟರು ಟ್ರ್ಯಾಕು ಕಟ್ಟಿದರು. ಕೂಟ ಮುಗಿದ ಮೇಲೆ ಅದೂ ಪೆಂಗ್ವಿನ್ ದಾರಿ ಹಿಡಿಯುತ್ತದೆ ಎಂದುಕೊಂಡವರಿದ್ದರು. ಆಗಲಿಲ್ಲ. ಅಂಡಮಾನಿನಿಂದ, ಮಣಿಪುರದಿಂದ ಮಕ್ಕಳು ಬಂದರು. 2004ರ ಸುನಾಮಿಯಲ್ಲಿ ಮರ ಹಿಡಿದು ಬದುಕುಳಿದ ಡೆಬೊರಾ ಹೆರಾಲ್ಡ್, ಆಮೇಲೆ ಎಸೊ ಆಲ್ಬೆನ್. 2018ರಲ್ಲಿ ಆಲ್ಬೆನ್ ಜೂನಿಯರ್ ವಿಶ್ವ ಸ್ಪರ್ಧೆಯ ಕೈರಿನ್‌ನಲ್ಲಿ ಬೆಳ್ಳಿ ಗೆದ್ದ. ಮರುವರ್ಷ ಜರ್ಮನಿಯಲ್ಲಿ ಆತ, ರೊನಾಲ್ಡೊ ಸಿಂಗ್ ಮತ್ತು ರೋಜಿತ್ ಸಿಂಗ್ ಸೇರಿ ಜೂನಿಯರ್ ತಂಡ ಸ್ಪ್ರಿಂಟ್‌ನಲ್ಲಿ ವಿಶ್ವ ಚಾಂಪಿಯನ್ನರಾದರು. 2022ರಲ್ಲಿ ದೆಹಲಿಯ ಅದೇ ಟ್ರ್ಯಾಕಿನಲ್ಲಿ ರೊನಾಲ್ಡೊ ಏಷ್ಯನ್ ಸ್ಪ್ರಿಂಟ್ ಬೆಳ್ಳಿ ಗೆದ್ದ.

ನಮ್ಮ ಕಡೆ ಸೈಕಲ್ಲಿನ ಹುಚ್ಚಿರುವುದು ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ. ಅಲ್ಲಿಂದ ಹುಡುಗರು, ಹುಡುಗಿಯರು ರಾಷ್ಟ್ರಮಟ್ಟಕ್ಕೆ ಹೋಗುತ್ತಲೇ ಬಂದಿದ್ದಾರೆ, ಅವರ ತಾಲೀಮು ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ. ವಿಜಯಪುರಕ್ಕೆ ವೆಲೋಡ್ರೋಮ್ ಬೇಕೆಂಬ ಕೂಗು ಎಷ್ಟು ಹಳೆಯದು, ಕಾಮಗಾರಿ ಹೇಗೆ ಎಳೆದುಕೊಂಡು ಬಂತು ಎನ್ನುವುದು ಅಲ್ಲಿನ ಪತ್ರಿಕೆ ಓದುವವರಿಗೆ ಬಾಯಿಪಾಠ. ಟ್ರ್ಯಾಕಿನ ಉದ್ದ ಎಷ್ಟು, ಉದ್ಘಾಟನೆಗೆ ಯಾರು ಬರುತ್ತಾರೆ ಎಂದು ಕೇಳುವವರು ಬಹಳ ಜನ ಇರುತ್ತಾರೆ. ನಾನು ಕೇಳಬೇಕೆಂದಿರುವುದು ಸಣ್ಣ ಪ್ರಶ್ನೆಗಳು. ಸಂಜೆ ಶಾಲೆ ಬಿಟ್ಟ ಮೇಲೆ ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ? ಸ್ವಂತ ಟ್ರ್ಯಾಕ್ ಸೈಕಲ್ಲಿಲ್ಲದ ಮಗುವಿಗೆ ಅಲ್ಲಿ ಎಷ್ಟು ಸೈಕಲ್ಲು ಬಾಡಿಗೆಗೆ ಸಿಗುತ್ತವೆ, ಪಂಕ್ಚರ್ ಆದರೆ ಹಾಕಿಕೊಡುವವರು ಯಾರು? ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗದ ಹುಡುಗಿಯೊಬ್ಬಳು ಸುಮ್ಮನೆ ಒಂದು ಗಂಟೆ ಓಡಿಸುತ್ತೇನೆಂದು ಬಂದರೆ ಒಳಗೆ ಬಿಡುತ್ತಾರೆಯೆ?